ಹದಿನಾಲ್ಕು ಹಾಡು, ಒಂದು ಕೂಲರ್

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿಕೊಂಡವನಿಗೆ ಒಂದು ಜಂಬ ಬರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಬಂದಿತ್ತು. ಹಗಲೆಲ್ಲ ಆಫೀಸಿನಲ್ಲಿ ಫೈಲು ತಳ್ಳುವ ಕೆಲಸ. ಮನೆಗೆ ಬಂದರೆ ನಾಗಪುರದ ನಮ್ಮ ಬಡಾವಣೆ, ಇಡೀ ಪ್ರತಾಪ ನಗರಕ್ಕೆ ನಾನೊಬ್ಬನೇ ಜಾಣ.

ಅವ್ವನಿಗೆ ಥೈರಾಯ್ಡ್ ಆಪರೇಶನ್ ಆಗಬೇಕಿತ್ತು. ದನಿ ಕೆಡಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆಕೆಯ ಬಾಯಲ್ಲಿ ಧಾರವಾಡದ ಅಜ್ಜಿಯಿಂದ ಬಂದ ಮದುವೆ ಹಾಡುಗಳಿದ್ದವು. ಅರಿಶಿಣ ಹಚ್ಚುವಾಗಿನದು, ಉರುಟಣಿಯದು, ಬೀಗರನ್ನು ಎದುರಿಗೇ ಕೂರಿಸಿಕೊಂಡು ಬೈಯುವುದು. ಯಾವುದನ್ನೂ ಯಾರೂ ಬರೆದಿಟ್ಟಿರಲಿಲ್ಲ. ದನಿ ಹೋಗುವ ಮೊದಲು ರೆಕಾರ್ಡ್ ಮಾಡಿಡಬೇಕಿತ್ತು.

"ಫೋನಿನಾಗ ಮಾಡಿದ್ರ ಆಗೂದಿಲ್ಲೇನ್ರಿ?" ಅಂದಳು ಹೆಂಡತಿ. ನಾನು ನಕ್ಕುಬಿಟ್ಟೆ. ಸದರ್ ಬಜಾರಿನ ಅಂಗಡಿಯಿಂದ ಯುಎಸ್‌ಬಿ ಆಡಿಯೋ ಡಬ್ಬಿಯನ್ನೂ ಉದ್ದ ಕಾಲಿನ ಮೈಕನ್ನೂ ಹೊತ್ತು ತಂದೆ. ಮೈಕಿನ ದನಿ ಡಬ್ಬಿಗೆ, ಡಬ್ಬಿಯಿಂದ ಲ್ಯಾಪ್‌ಟಾಪಿಗೆ. ಅಲ್ಲಿ ಸೌಂಡ್ ಸರ್ವರ್ ಅನ್ನುವ ಪ್ರೋಗ್ರಾಂ ಯಾವ ಮೈಕಿನ ದನಿ ಒಳಗೆ ಬರಬೇಕು ಅಂತ ತೀರ್ಮಾನಿಸುತ್ತದೆ. ನಡುವೆ ಡಬ್ಬಿಯ ಸಂಪರ್ಕ ತಪ್ಪಿದರೆ ರೆಕಾರ್ಡಿಂಗ್ ನಿಂತುಹೋಗುತ್ತಿತ್ತು. ಹಾಗೆ ನಿಲ್ಲಬಾರದು ಅಂತ ಎರಡು ಭಾನುವಾರ ಕೂತು ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಪಟ್ಟಿ, ಬರೆದೆ: ಡಬ್ಬಿ ಹೋದರೆ ಲ್ಯಾಪ್‌ಟಾಪಿನ ಸ್ವಂತ ಮೈಕು ಹಿಡಿ, ಕೆಲಸ ಮುಂದುವರಿಸು. ಡಬ್ಬಿ ಮರಳಿ ಬಂದರೆ ಏನು ಮಾಡಬೇಕು ಅನ್ನುವುದನ್ನು ಬರೆಯಲಿಲ್ಲ. ಜಾಣರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ.

ನಾಗಪುರದ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಮನುಷ್ಯ ಕೂರುವುದಿಲ್ಲ, ಕೂಲರ್ ಹಾಕಿದರೆ ಹಾಡು ಕೇಳಿಸುವುದಿಲ್ಲ. ಹಾಗಾಗಿ ಹಾಡುವಾಗ ಬಂದ್, ಹಾಡು ಮುಗಿದ ಕೂಡಲೇ ಚಾಲೂ. ರೆಕಾರ್ಡಿಂಗನ್ನು ಮಾತ್ರ ನಡುವೆ ನಾನು ಮುಟ್ಟಲಿಲ್ಲ. ಅವ್ವ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಬರೋಬರ್ ಬರಾಕತ್ತೈತೇನೋ?" ಅಂತ ಪ್ರತಿ ಸಲ ಕೇಳುತ್ತಿದ್ದಳು. "ಏಕದಂ ಬರೋಬರ್" ಅನ್ನುತ್ತಿದ್ದೆ. ಹೆಡ್‌ಫೋನು ಕುತ್ತಿಗೆಗೆ ಜೋತುಬಿದ್ದಿತ್ತು, ಆ ಸೆಕೆಗೆ ಕಿವಿಗೆ ಏರಿಸಲಿಲ್ಲ. ಹದಿನಾಲ್ಕು ಹಾಡು ಹಾಡಿ ಆಕೆ ಎರಡು ಲೋಟ ಮಜ್ಜಿಗೆ ಕುಡಿದಳು.

ಆಪರೇಶನ್ ಚಲೋ ಆಯಿತು. ದನಿ ಮಾತ್ರ ಗೊಗ್ಗರಾಯಿತು, ಮಾತಾಡಬಹುದು, ಹಾಡುವಂತಿಲ್ಲ. ನೆಂಟರಿಗೆಲ್ಲ ಹಾಡು ಕಳಿಸೋಣ ಅಂತ ಮೂರು ವಾರದ ಮೇಲೆ ರೆಕಾರ್ಡಿಂಗ್ ತೆಗೆದೆ. ಮೊದಲನೆಯ ಹಾಡು ಆಕೆ ಪಕ್ಕದಲ್ಲೇ ಕೂತು ಹಾಡಿದಂತೆ ಇತ್ತು. ಆಮೇಲೆ ಕೂಲರ್ ಚಾಲೂ ಆದ ಸದ್ದು. ಅಲ್ಲಿಂದ ಮುಂದೆ ಅವ್ವ ಎಲ್ಲೋ ಹಿತ್ತಲಲ್ಲಿ ಗುನುಗುತ್ತಿದ್ದಾಳೆ, ಒಂದು ಪದವೂ ತಿಳಿಯುವುದಿಲ್ಲ; ಮುಂದೆ ನಾನಿದ್ದೇನೆ. ನನ್ನ ಕೀಬೋರ್ಡು, ನನ್ನ ಸೀನು. ಒಂದು ಇಡೀ ಹಾಡಿನ ಉದ್ದಕ್ಕೂ ಹೆಂಡತಿಗೆ ನನ್ನ ಪಿಸುಮಾತಿನ ಪಾಠ: "ನೋಡು, ಒಂದು ಸಲನೂ ಕಟ್ ಆಗಿಲ್ಲ."

ಡಬ್ಬಿಯ ಅಡಾಪ್ಟರು, ಕೂಲರು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿದ್ದೆ. ಕೂಲರ್ ಶುರುವಾದಾಗ ಕರೆಂಟು ಕುಗ್ಗಿ ಡಬ್ಬಿ ಒಂದು ಕ್ಷಣ ಸತ್ತು ಬದುಕಿತ್ತು. ಸ್ಕ್ರಿಪ್ಟು ಲ್ಯಾಪ್‌ಟಾಪಿನ ಮೈಕು ಹಿಡಿದದ್ದು ಬಿಡಲೇ ಇಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಪ್ರಾಣಿ ನಮ್ಮ ಮನೆಯಲ್ಲಿ ಅದೊಂದೇ. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ಎರಡು ದಿನ ಮುಚ್ಚಿಟ್ಟು, ಕೊನೆಗೆ ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಹೋಗ್ಲಿ ಬಿಡು," ಅಂದಳು ಆ ಗೊಗ್ಗರು ದನಿಯಲ್ಲಿ. "ನಾ ಬಾಯಿಲೆ ಹೇಳ್ತೀನಿ, ನೀ ಬರಕೋ. ಎದುರಿಗೇ ಕುಂತಿದ್ದಿಯಲ್ಲ, ಎರಡನೇದ್ದು ಯಾವ ಹಾಡಿತ್ತು?"

ಪೆನ್ನು ಹಿಡಿದು ಹಾಳೆಯ ಮೇಲೆ ‘೨’ ಅಂತ ಅಷ್ಟೇ ಬರೆದೆ. ಎರಡು ತಾಸು ಆಕೆಯ ಎದುರಿಗೆ ಕೂತವನು ನಾನು ಒಂದು ಹಾಡನ್ನೂ ಕೇಳಿರಲಿಲ್ಲ.