ಪುಸ್ತಕದ ಹುಡುಗಿಗೊಂದು ಹರಕೆ

ಹಸಿರೋ ನೀಲಿಯೋ, ಈಗ ಖಚಿತವಾಗಿ ಹೇಳಲಾರೆ. ನನ್ನ ಡೈರಿಯಲ್ಲಿ ಬಣ್ಣ ಬರೆದಿಲ್ಲ. ಅಕ್ಕನ ಎಲ್ಲ ಉಗುರುಗಳಿಗೂ ಬಣ್ಣವಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಆಮ್ಲಜನಕ ಅಳೆಯುವ ಕ್ಲಿಪ್ಪು ಬಣ್ಣದ ಉಗುರಿನ ಮೇಲೆ ಸರಿಯಾಗಿ ತೋರಿಸುವುದಿಲ್ಲವಂತೆ. "ಒಂದು ಬೆರಳು ಆಸ್ಪತ್ರೆಗೆ, ಉಳಿದದ್ದೆಲ್ಲ ನಂದು" ಎನ್ನುತ್ತಿದ್ದಳು. ಹೀಗೆಯೇ ಅಂದಳೋ, ನಾನು ಆಮೇಲೆ ಚಂದ ಮಾಡಿಕೊಂಡೆನೋ, ಅದೂ ಅನುಮಾನವೇ.

ಅಕ್ಕ ಎಂದರೆ ದೊಡ್ಡಮ್ಮನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಕಾಲೇಜು ಮುಗಿಸುವ ಮೊದಲೇ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಇನ್ನು ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಒಮ್ಮೆ ಐಸಿಯುವಿನಲ್ಲಿ ಉಸಿರಾಟಕ್ಕೆಂದು ಗಂಟಲಿಗೆ ನಳಿಕೆ ಹಾಕಿಸಿಕೊಂಡು ಮರಳಿದ್ದಳು. ಎರಡನೆಯ ಸಲ ಬೇಡವೆಂಬುದು ಅವಳ ಹಟ. ಆ ಮಾತು ಎತ್ತಿದರೆ ಸಾಕು, ದೊಡ್ಡಮ್ಮ ಕುಕ್ಕರ್ ಇಡುವ ನೆಪದಲ್ಲಿ ಎದ್ದುಹೋಗುತ್ತಿದ್ದರು.

ಅದಕ್ಕೇ ಅಕ್ಕ ಒಂದು ಕಾದಂಬರಿ ಆರಿಸಿದಳು. ಹದಿಹರೆಯದವರಿಗೆಂದು ಬರೆದ ಇಂಗ್ಲಿಷ್ ಪುಸ್ತಕ. ಸಾಯುತ್ತಿರುವ ಹುಡುಗಿಯೊಬ್ಬಳು ಚಿಕಿತ್ಸೆ ಸಾಕು, ನನ್ನ ಸಾವನ್ನು ನನಗೆ ಬಿಡಿ ಎಂದು ಕೇಳುವ ಕಥೆ. ಭಾನುವಾರ ನಾನು ಸಾಂತಾಕ್ರೂಜಿನಿಂದ ಮುಲುಂಡಿನ ಅವರ ಮನೆಗೆ ಹೋಗಿ ಓದಿಹೇಳಬೇಕು, ಅದೂ ಕನ್ನಡ ಮಾಡಿಕೊಂಡು.

"ನಿಂಗೆ ಇಂಗ್ಲಿಷ್ ಬರ್ತದಲ್ಲ?" ಎಂದೆ.

"ನಂಗಲ್ಲ ಮಾರಾಯ್ತಿ. ಕಿಚನ್‌ಗೆ ಕೇಳ್ಬೇಕು. ಜರಾ ಜೋರಾಗಿ ಓದು."

ಕಿಚನ್‌ಗೆ ಕೇಳಿತು. ಮೊದಲು ಪಾತ್ರೆಗಳ ಸದ್ದು ತಗ್ಗಿತು. ಆಮೇಲಿನ ವಾರಗಳಲ್ಲಿ ದೊಡ್ಡಮ್ಮ ಹರಿವೆ ಸೊಪ್ಪು ಹಿಡಿದು ಬಾಗಿಲಲ್ಲೇ ಕೂರತೊಡಗಿದರು. ಒಮ್ಮೆ ನಾನು ಚಪ್ಪಲಿ ಕಳಚುತ್ತಿದ್ದಂತೆ ಅಂದರು, "ಆ ಹುಡುಗಿಗೂ ಒಂದು ಹೂವಿನ ಪೂಜೆ ಹೇಳಿಕೊಂಡಿದ್ದೇನೆ, ಊರಿನ ದೇವಿಗೆ. ಗುಣ ಆಗ್ಲಿ, ಪಾಪ."

ಅಕ್ಕ ಕೆಮ್ಮು ಬರುವಷ್ಟು ನಕ್ಕಳು. "ಅಮ್ಮ, ಅವಳು ಪುಸ್ತಕದವಳು. ದೇವಿಗೆ ಅಡ್ರೆಸ್ ಎಂತ ಕೊಟ್ಟೆ?"

"ನಗು ನೀನು. ಇಲ್ಲದವಳಿಗೋಸ್ಕರ ನೀವಿಬ್ರೂ ಮೂಗು ಒರೆಸಿಕೊಳ್ತೀರಲ್ಲ, ನಾನು ಹರಕೆ ಹೊತ್ರೆ ತಪ್ಪಾ?"

ಕೆಮ್ಮು ನಿಂತ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು: "ಹರಕೆ ಇರ್ಲಿ. ಗುಣ ಆಗ್ಲಿ ಅಂತ ಕೇಳ್ಬೇಡ. ಅವಳು ಹೇಳಿದ್ದು ಕೇಳ್ಲಿಕ್ಕೆ ಅವಳ ಅಮ್ಮನಿಗೆ ಧೈರ್ಯ ಕೊಡು ಅಂತ ಕೇಳು."

ದೊಡ್ಡಮ್ಮ ಈ ಸಲ ಕುಕ್ಕರ್ ನೆಪದಲ್ಲಿ ಎದ್ದುಹೋಗಲಿಲ್ಲ.

ಪುಸ್ತಕ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಅಕ್ಕ ಮನೆಯಲ್ಲೇ ತೀರಿಕೊಂಡಳು. ಉಸಿರು ಏರತೊಡಗಿದಾಗ ಇದ್ದವರು ದೊಡ್ಡಮ್ಮ ಒಬ್ಬರೇ. ಡಾಕ್ಟರು ಬರೆದುಕೊಟ್ಟಿದ್ದ ಔಷಧಿ ಕುಡಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಆಂಬುಲೆನ್ಸಿಗೆ ಫೋನ್ ಹೋಗಲಿಲ್ಲ.

ಅಂದಿನ ಡೈರಿಯಲ್ಲಿ 'ದೊಡ್ಡಮ್ಮ ಅವಳ ಮಾತು ನಡೆಸಿಕೊಟ್ಟರು' ಎಂದಿದೆ. ಯಾವ ಆಧಾರದ ಮೇಲೆ ಬರೆದೆನೋ ಗೊತ್ತಿಲ್ಲ. ಹಾಗೆ ಆಗಿರಲಿ ಎಂಬ ನನ್ನ ಆಸೆಯನ್ನೇ ಬರೆದಿರಬಹುದು. ಹೋದ ತಿಂಗಳು ಅವರ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿಯೇಬಿಟ್ಟೆ.

"ದೊಡ್ಡಮ್ಮ, ಅವತ್ತು ನೀವು ಫೋನ್ ಮಾಡದೆ ಕೂತದ್ದು ಅವಳು ಹೇಳಿದ್ದಕ್ಕಾ, ಕೈಕಾಲು ಓಡದೆಯಾ?"