ಬೆನ್ನಿಗೆ ಕೂಗಿದ ಮಾತು

ಅರವತ್ತರ ದಶಕ. ಇಚಲಕರಂಜಿಯ ಮಗ್ಗದ ಶೆಡ್ಡಿನೊಳಗ ಲಾಳಿ ಹಾರಿ ನನ್ನ ಮೊಣಕಾಲಿಗೆ ಬಡಿದಿತ್ತು. ಅದೇ ವಾರ ಪಕ್ಕದ ಮಗ್ಗದ ಗೆಳೆಯನ ಬೆರಳು ಯಂತ್ರ ತಿರುಗಿಸೋ ಪಟ್ಟಾದೊಳಗ ಸಿಕ್ಕು ಜಜ್ಜಿಹೋಗಿದ್ದವು. "ಗಾಯ ಮಾಯ್ದ ಮ್ಯಾಲ ಬರ್ರಿ" ಅಂದ ಮಾಲಕ. ಖೋಲಿಯೊಳಗ ಕುಂತು ಕುಂತು ಬ್ಯಾಸತ್ತು, ಗಡಹಿಂಗ್ಲಜ ಕಡೆಯ ದೊಡ್ಡ ಗುಡ್ಡ ಹತ್ತಾಕ ಹೊರಟೆವು. ಹಟ ಗೆಳೆಯನದೇ.

ಅವನ ಕಾಲು ಗಟ್ಟಿಯಿದ್ದವು, ಮುಂದ ಮುಂದ ನಡೆದ. ನಾನು ಬಡಿಗೆ ಊರಿಕೊಂತ ಹಿಂದ ಉಳಿದೆ. "ಸಾವಕಾಶ ಹೋಗಲೇ" ಅಂತ ಮತ್ತ ಮತ್ತ ಕೂಗಿದೆ. ಅವನು ತಿರುಗಲೂ ಇಲ್ಲ, ಒಂದು ಮಾತೂ ಆಡಲಿಲ್ಲ. ನನಗ ಭಾಳ ಸಿಟ್ಟು ಬಂತು. ಕುಂಟನನ್ನು ಕರಕೊಂಡು ಬಂದು ಹಿಂಗ ಬೆನ್ನು ತೋರಿಸಿ ನಡೆಯೋದು ಎಂಥಾ ದೋಸ್ತಿ? ಅಷ್ಟು ದೊಡ್ಡ ಗುಡ್ಡದಾಗ ಒಣಹುಲ್ಲು ಮತ್ತು ಅವನ ಬೆನ್ನು ಬಿಟ್ಟರ ನನಗ ಬ್ಯಾರೆ ಏನೂ ಇರಲಿಲ್ಲ.

ತುದಿ ಮುಟ್ಟಿದ ಮ್ಯಾಲ ಅವನು ನನ್ನ ಕಡೆ ಮುಖ ಮಾಡಿ ಕುಂತ. ತುಟಿ ಆಡುತ್ತಿದ್ದವು, ದನಿ ಇರಲಿಲ್ಲ. ಮಗ್ಗದ ಸಪ್ಪಳದೊಳಗ ಯಾರ ದನಿಯೂ ಕೇಳೋದಿಲ್ಲ. ನಾವೆಲ್ಲ ತುಟಿ ನೋಡೇ ಮಾತು ತಿಳಕೊಳ್ಳುವವರು. ಶೆಡ್ಡು ಬಿಟ್ಟು ಬಂದರೂ ಆ ಸಪ್ಪಳ ಕಿವಿ ಬಿಡುತ್ತಿರಲಿಲ್ಲ, ಎಷ್ಟೋ ಸಲ ದನಿ ತೆಗೆಯೋದೇ ಮರೆತುಹೋಗುತ್ತಿತ್ತು. ಅವನ ತುಟಿ ಓದಿದೆ: "ದಾರಿ ಉದ್ದಕ್ಕೂ ಮಾತಾಡಿದೆ. ಒಂದಕ್ಕೂ ಯಾಕ ಜವಾಬು ಕೊಡಲಿಲ್ಲಲೇ?"

"ನಾನೂ ನಿನ್ನ ಕೂಗಿದೆನಲ್ಲೋ" ಅಂದೆ.

ಅವನು ಕಣ್ಣು ಸಣ್ಣದು ಮಾಡಿ ನನ್ನ ತುಟಿಯನ್ನೇ ನೋಡಿದ. ನಾನು ಗಂಟಲ ಮ್ಯಾಲ ಕೈ ಇಟ್ಟುಕೊಂಡು ಅದೇ ಮಾತು ಇನ್ನೊಮ್ಮೆ ಅಂದೆ. ಗಂಟಲು ಅದುರಲೇ ಇಲ್ಲ.