ಎರಡು ಚಾಪೆಯಗಲದ ಬಿಸಿಲು

ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ಗರಗರ ಎನ್ನತೊಡಗಿದರೆ ಕಾಜಾ ಅತ್ತೆಗೆ ಬೆಳಗಾಯಿತೆಂದು ಅರ್ಥ. ಮೊದಲೆಲ್ಲ ಅವಳನ್ನು ಎಬ್ಬಿಸುತ್ತಿದ್ದದ್ದು ಕಿಟಕಿಯಿಂದ ಮುಖದ ಮೇಲೆ ಬೀಳುವ ಬಿಸಿಲು. ಈಗ ಆ ಕಿಟಕಿಯ ತುಂಬ ಗೋಡೆ.

ಬೀದಿಯವರಿಗೆಲ್ಲ ಅವಳು ಕಾಜಾ ಅತ್ತೆಯೇ. ದರ್ಜಿ ಅಂಗಡಿಗಳಿಂದ ಅಂಗಿಗಳನ್ನು ತಂದು, ಗುಂಡಿ ತೂರುವ ಕಾಜಾಗಳಿಗೆ ಕೈಯಲ್ಲೇ ಅಂಚು ಹೊಲಿದು ಕೊಡುವುದು ಅವಳ ಕೆಲಸ. ಸೂಜಿ ಕೆಳಗಿಟ್ಟರೆ ಹಿತ್ತಲು. ಮದುವೆಯಾಗಿ ಬಂದವಳು ಗಂಡನ ಹತ್ತಿರ ಮೊಟ್ಟಮೊದಲು ಕೇಳಿದ್ದು ಗುದ್ದಲಿಯನ್ನಂತೆ. ಆ ಗಂಡ, ಬೀದಿಯವರ ಬಾಯಲ್ಲಿ ಮಾವ, ಇವತ್ತಿಗೂ ಆಡಿಕೊಳ್ಳುತ್ತಾನೆ. ಬೇಸಿಗೆಯ ಕೊನೆಗೆ ಆ ಅಂಗೈಯಗಲದ ಜಾಗದಲ್ಲಿ ಬದನೆ, ಟೊಮೆಟೊ, ಬೀನ್ಸ್ ಎಲ್ಲ ಒಟ್ಟಿಗೇ ಬಂದುಬಿಡುತ್ತವೆ. ಕೊಯ್ದು, ಹೆಚ್ಚಿ, ಉಪ್ಪು ಸವರಿ, ತಾರಸಿಯ ಮೇಲೆ ಒಣಗಿಸಿ ಡಬ್ಬಿ ತುಂಬುತ್ತಾಳೆ. ಮಳೆಗಾಲದಲ್ಲಿ ಅವರ ಒಲೆ ಆ ಡಬ್ಬಿಗಳನ್ನೇ ನಂಬಿರುತ್ತದೆ.

ಈ ಸಲವೂ ಕೈ ರೂಢಿಯಂತೆ ಓಡಿತು. ಹಿತ್ತಲು ಮನೆಯ ಇನ್ನೊಂದು ಮಗ್ಗುಲಿಗೆ. ಅಲ್ಲಿ ಬಿಸಿಲಿಗೆ ಬರವಿರಲಿಲ್ಲ. ತಾರಸಿಗೆ ಅವಳು ಹತ್ತುತ್ತಿದ್ದದ್ದು ಒಣಹಾಕುವಾಗ ಮಾತ್ರ. ಕಿಟಕಿಗೆ ಅಡ್ಡ ಬಂದ ಗೋಡೆ ಅಲ್ಲಿಗೂ ಬಂದೀತೆಂದು ಹೊಳೆಯಲೇ ಇಲ್ಲ. ಬುಟ್ಟಿಗಟ್ಟಲೆ ಹೋಳುಗಳಿಗೆ ಉಪ್ಪು ಸವರಿ, ಬೆಳಗ್ಗೆ ಹೊತ್ತುಕೊಂಡು ಮೇಲೆ ಹೋದರೆ ತಾರಸಿ ತುಂಬ ನೆರಳು.

ಉಪ್ಪು ಬಿದ್ದ ಹೋಳು ನೀರು ಬಿಡುತ್ತದೆ. ಆಮೇಲೆ ಒಣಗಬೇಕು, ಇಲ್ಲವೇ ಕೊಳೆಯಬೇಕು.

ಮಧ್ಯಾಹ್ನ ಒಂದು ಮೂಲೆಯಲ್ಲಿ ಎರಡು ಚಾಪೆಯಗಲದ ಬಿಸಿಲು ಬಿತ್ತು. ಅತ್ತೆ ಅಲ್ಲಿಗೆ ಚಾಪೆ ಎಳೆದಳು. ಕೆಳಗೆ ಬಂದು ಒಂದು ಕಾಜಾ ಹೊಲಿಯುವಷ್ಟರಲ್ಲಿ ಬಿಸಿಲು ಜರುಗಿರುತ್ತಿತ್ತು. ಮತ್ತೆ ಓಡುವಳು, ಮತ್ತೆ ಎಳೆಯುವಳು.

ಮೆಟ್ಟಿಲ ಬುಡದಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಮಾವ, "ಕಿಟಕಿಗೆ ಗೋಡೆ ಅಡ್ಡ ಬಂದಾಗ ಆ ಕಟ್ಟಡದವರ ನೆರಳೂ ಸೋಕಬಾರದು ಅಂತ ಜಗಳ ಆಡಿ ಬಂದಿದ್ದೆಯಲ್ಲೇ," ಎಂದ. "ಈಗ ನೋಡು, ದಿನಾ ಸೋಕ್ತಿದೆ."

"ಹಲ್ಲು ಕಿಸೀಬೇಡಿ. ಮಳೆಗಾಲದಲ್ಲಿ ನಿಮ್ಮ ತಟ್ಟೆಗೆ ಈ ಮಾತನ್ನೇ ಬಡಿಸ್ತೀನಿ."

ಮರುದಿನ ಬದನೆ ಹೋಳುಗಳ ಅಂಚಿಗೆ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಅತ್ತೆ ಒಂದನ್ನೆತ್ತಿ ಮೂಸಿದಳು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದು ಬಂದಳು. ಮಾವ ಈ ಸಲ ನಗಲಿಲ್ಲ.

ಉಳಿದದ್ದು ಬೀನ್ಸ್ ಮತ್ತು ಟೊಮೆಟೊ. ಅವಳು ತಾರಸಿಯಂಚಿಗೆ ಹೋಗಿ ಕತ್ತೆತ್ತಿ ಕೂಗಿದಳು.

"ಮೇಸ್ತ್ರೀ, ನಿಮ್ಮ ಗೋಡೆ ನನ್ನ ಬಿಸಿಲೆಲ್ಲ ನುಂಗಿತು!"

ತಲೆಗೆ ಟವೆಲ್ ಸುತ್ತಿದ್ದ ಮೇಸ್ತ್ರಿ ಮೇಲಿನಿಂದ ಬಗ್ಗಿದ. "ನಾನು ಕಟ್ಟೋನು ಅಷ್ಟೇ ಅಮ್ಮಾ. ಬಿಸಿಲು ಬೇಕಾ? ಇಲ್ಲಿ ನೆತ್ತಿ ಸುಡ್ತಿದೆ. ತಂದು ಹರಡಿ. ಆದರೆ ಇವತ್ತೊಂದೇ ದಿನ. ನಾಳೆ ಇದರ ಮೇಲೂ ಕಂಬ ಏಳುತ್ತೆ."

ಕಾಲಿಡುವುದಿಲ್ಲವೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿಬಂದ ಜಾಗ ಅದು. ಆದರೂ ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿ, ಬುಟ್ಟಿಯನ್ನು ಸೊಂಟಕ್ಕೇರಿಸಿ ಕೆಳಗಿಳಿದಳು.

"ಒಂದು ದಿನದಲ್ಲಿ ಏನೇ ಒಣಗುತ್ತೆ?" ಮಾವನ ದನಿ ಮೆತ್ತಗಾಗಿತ್ತು. "ನಾಳೆ ಏನು ಮಾಡ್ತೀಯ?"

"ಬೀನ್ಸಾದರೂ ಒಣಗಲಿ. ಟೊಮೆಟೊ ಆಗಲ್ಲ, ಗೊತ್ತು," ಎಂದಳು ಅತ್ತೆ, ತಿರುಗಿ ನೋಡದೆ, ಆಗಲೇ ಗೇಟು ದಾಟುತ್ತ. "ನಾಳೆ ಆ ಮೇಸ್ತ್ರಿಯನ್ನೇ ಕೇಳ್ತೀನಿ, ಅದಕ್ಕಿಂತ ಮೇಲೆ ಎಲ್ಲಾದರೂ ಒಂದು ಚಾಪೆ ಹಾಸೋಷ್ಟು—"